ಬಡಿಸುವವರು, ಬೇಡವೆನ್ನುವವರು

ನಾಲಿಗೆಗೆ ಎಲುಬಿಲ್ಲ ಎಂದು ಬೈದ ನಮ್ಮ ಹಿರಿಯರು ಬೆರಳಿನ ವಿಷಯದಲ್ಲಿ ಏನೂ ಹೇಳದೆ ಹೋದರು. ಅವರ ಕಾಲದ ಬೆರಳು ಅಷ್ಟು ಸಭ್ಯವಾಗಿತ್ತೋ ಏನೋ. ವೀಳ್ಯದೆಲೆಗೆ ಸುಣ್ಣ ಹಚ್ಚುವುದು, ಜಪಮಣಿ ಎಣಿಸುವುದು, ಜಗಳ ಬಂದರೆ ಎದುರಿನವರ ಮೂಗಿನ ನೇರಕ್ಕೆ ಏಳುವುದು, ಇಷ್ಟೇ ಅದರ ಕಾರುಬಾರು. ಈಗಿನ ಬೆರಳು ಎಲುಬಿದ್ದೂ ನಾಲಿಗೆಯನ್ನು ಮೀರಿಸಿದ ವಾಚಾಳಿ. ನಂಬಿಕೆಯಿಲ್ಲದಿದ್ದರೆ ಕಂಪ್ಯೂಟರಿನ ಮೌಸನ್ನು ಮೇಜಿನ ಮೇಲೆ ಒಮ್ಮೆ ಎಡದಿಂದ ಬಲಕ್ಕೆ ಸರಿಸಿ. ನಿಮ್ಮ ಲೆಕ್ಕಕ್ಕೆ ಅದು ಒಂದೇ ಕೆಲಸ. ಮೌಸಿನ ಲೆಕ್ಕವೇ ಬೇರೆ. ಸಾಧಾರಣ ಯುಎಸ್‌ಬಿ ಮೌಸು ಸೆಕೆಂಡಿಗೆ 125 ಸಲ ‘ಈಗ ಇಲ್ಲಿದ್ದೇನೆ’ ಎಂದು ವರದಿ ಒಪ್ಪಿಸುತ್ತದೆ. ವಿಡಿಯೊ ಗೇಮ್ ಆಡುವ ಹುಡುಗರು ಅಪ್ಪನ ಹತ್ತಿರ ಜಗಳವಾಡಿ ಕೊಳ್ಳುವ ದುಬಾರಿ ಮೌಸು ಅದನ್ನೇ 1000 ಸಲ ಹೇಳುತ್ತದೆ. ತಮಾಷೆ ಎಂದರೆ, ಇಷ್ಟು ವರದಿಯನ್ನೂ ಕೇಳಿಸಿಕೊಂಡು ಚಿತ್ರ ಬಿಡಿಸಬೇಕಾದ ಮಾಮೂಲಿ ತೆರೆ ಸೆಕೆಂಡಿಗೆ ಬದಲಾಗುವುದು 60 ಸಲ ಮಾತ್ರ. ಹೇಳುವವನು ಸಾವಿರ ಹೇಳಿದರೂ ಕೇಳುವವನ ಕಿವಿಗೆ ಹೋಗುವುದು ಅರವತ್ತು. ಹೀಗೆ ಬದುಕುವವರು ನನಗೆ ಗೊತ್ತಿರುವ ಸಂಸಾರಗಳಲ್ಲೂ ಇದ್ದಾರೆ, ಆ ಮಾತು ಬೇಡ.

ಪ್ರೋಗ್ರಾಂ ಬರೆಯುವವರು ಇಂಥ ಒಂದೊಂದು ವರದಿಯನ್ನೂ ‘ಇವೆಂಟ್’ ಎನ್ನುತ್ತಾರೆ. ಕೀಲಿ ಒತ್ತಿದರೆ ಇವೆಂಟ್, ಪುಟ ಜರುಗಿಸಿದರೆ ಇವೆಂಟ್, ಸರ್ವರಿನಿಂದ ಉತ್ತರ ಬಂದರೆ ಅದೂ ಇವೆಂಟ್. ಇವುಗಳನ್ನು ಒಂದೊಂದಾಗಿ ಸಂಭಾಳಿಸುವ ಬದಲು ಒಟ್ಟಾಗಿ ಒಂದು ಸಾಲು ಎಂದು ಕಂಡು, ಆ ಸಾಲನ್ನೇ ಸೋಸಿ, ಬೆರೆಸಿ, ಕತ್ತರಿಸಿ ಕೆಲಸ ತೆಗೆಯುವ ಪದ್ಧತಿಗೆ ರಿಯಾಕ್ಟಿವ್ ಪ್ರೋಗ್ರಾಮಿಂಗ್ ಎಂದು ಹೆಸರು. ಇದನ್ನು ದೊಡ್ಡದಾಗಿ ಬಳಕೆಗೆ ತಂದವರಲ್ಲಿ ಮುಖ್ಯರು ಡಚ್ ವಿಜ್ಞಾನಿ ಎರಿಕ್ ಮೈಯರ್. ಮೈಕ್ರೋಸಾಫ್ಟ್‌ನಲ್ಲಿ ಅವರ ತಂಡ 2009ರಲ್ಲಿ ರಿಯಾಕ್ಟಿವ್ ಎಕ್ಸ್‌ಟೆನ್ಷನ್ಸ್ ಎಂಬ ಸಲಕರಣೆಯನ್ನು ಹೊರತಂದಿತು. ಬಳಸುವವರ ಬಾಯಲ್ಲಿ ಅದು ‘ಆರ್‌ಎಕ್ಸ್’. 2012ರಲ್ಲಿ ಮೈಯರ್ ಬರೆದ ಒಂದು ಲೇಖನದ ತಲೆಬರಹವೇ ‘ಯುವರ್ ಮೌಸ್ ಈಸ್ ಎ ಡೇಟಾಬೇಸ್’. ಮೌಸಿನ ಓಡಾಟವನ್ನೂ ಬ್ಯಾಂಕಿನ ಖಾತೆ ಪಟ್ಟಿಯ ಹಾಗೆ ಪ್ರಶ್ನೆ ಕೇಳಿ ಜಾಲಾಡಬಹುದು ಎನ್ನುವುದು ಅದರ ಸಾರ. ಮುಂದೆ ನೆಟ್‌ಫ್ಲಿಕ್ಸ್‌ನವರು ಇದನ್ನು ಜಾವಾ ಭಾಷೆಗೆ ಇಳಿಸಿ 2013ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಜಾವಾಸ್ಕ್ರಿಪ್ಟಿಗೂ ‘ಆರ್‌ಎಕ್ಸ್‌ಜೆಎಸ್’ ಎಂಬ ಹೆಸರಿನಲ್ಲಿ ಬಂತು. ಬೆಂಗಳೂರಿನಲ್ಲಿ ಆ್ಯಪ್ ಕಟ್ಟುವ ಮಕ್ಕಳ ಬಾಯಲ್ಲಿ ಅದು ಈಗ ಕಾಫಿ-ತಿಂಡಿಯಷ್ಟು ಸಲೀಸು.

ಇವೆಂಟಿನ ಸಾಲು ಎಂದು ಹೆಸರು ಕೊಟ್ಟಿದ್ದಾಯಿತು. ಆದರೆ ಸಾಲು ನುಗ್ಗಿ ಬಂದರೆ? 2011ರ ಜನವರಿಯಲ್ಲಿ ಟ್ವಿಟರ್ ಜಾಲತಾಣಕ್ಕೆ ಹೀಗೇ ಆಯಿತು. ಪುಟವನ್ನು ಕೆಳಕ್ಕೆ ಜರುಗಿಸಿದರೆ ಎತ್ತಿನ ಗಾಡಿಯಾದರೂ ಮುಂದೆ ಹೋದೀತು, ಪುಟ ಹೋಗದು. ಜೆಕ್ವೆರಿ ಎಂಬ ಜನಪ್ರಿಯ ಲೈಬ್ರರಿಯನ್ನು ಬರೆದ ಜಾನ್ ರೆಸಿಗ್ ಇದರ ಕಾರಣವನ್ನು ಬಿಡಿಸಿ ಹೇಳಿದರು. ಪುಟ ಒಂದು ಕೂದಲೆಳೆ ಜರುಗಿದರೂ ಒಂದು ಇವೆಂಟ್. ಪ್ರತಿ ಇವೆಂಟಿಗೂ ಪ್ರೋಗ್ರಾಂ ಪುಟವನ್ನೆಲ್ಲ ತಡಕಾಡಿ ಯಾವುದೋ ಒಂದು ಭಾಗವನ್ನು ಹುಡುಕುತ್ತಿತ್ತು. ಅವರು ಕೊಟ್ಟ ಪರಿಹಾರ ಮನೆಮದ್ದಿನಷ್ಟು ಸರಳ. ಇವೆಂಟ್ ಬಂದಾಗ ‘ಜರುಗಿದೆ’ ಎಂದು ಒಂದು ಗುರುತು ಹಾಕಿಕೊಂಡು ಸುಮ್ಮನಿರಿ. 250 ಮಿಲಿಸೆಕೆಂಡಿಗೊಮ್ಮೆ ಎದ್ದು, ಗುರುತಿದ್ದರೆ ಮಾತ್ರ ಕೆಲಸ ಮಾಡಿ. ಸೆಕೆಂಡಿಗೆ ನಾಲ್ಕೇ ಸಲ ಎದ್ದು ನೋಡಿದರೂ ಓದುವವರಿಗೆ ಏನೂ ಕಡಿಮೆಯಾಗದು.

ಈ ತಡೆಯುವ ವಿದ್ಯೆಯಲ್ಲಿ ಹಲವು ಪಂಗಡಗಳಿವೆ. ಪುಸ್ತಕದಲ್ಲಿ ಚಿತ್ರ ಬರೆದು, ಗೋಲಿ ಉರುಳಿಸಿ ವಿವರಿಸುತ್ತಾರೆ. ನನಗೆ ಮಾತ್ರ ಇವನ್ನೆಲ್ಲ ಛತ್ರದ ಊಟದ ಮನೆಯಲ್ಲಿ ಕೂರಿಸದ ಹೊರತು ಅರ್ಥವಾಗುವುದಿಲ್ಲ. ಮದುವೆಯ ಪಂಕ್ತಿಯನ್ನು ಕಂಡವರಿಗೆ ಹೊಸದಾಗಿ ಹೇಳಬೇಕಾದ್ದೇನಿದೆ?

ಮೊದಲು ತುಪ್ಪ ಬಡಿಸುವವನನ್ನು ನೋಡಿ. ಎಲೆಗೆ ಅನ್ನ ಬಿದ್ದೊಡನೆ ಬಂದು ಒಂದು ಮಿಳ್ಳೆ ಬಿಡುತ್ತಾನೆ. ಆಮೇಲೆ ನೀವು ‘ತುಪ್ಪ, ತುಪ್ಪ’ ಎಂದು ಎಷ್ಟು ಕೂಗಿದರೂ ಇಡೀ ಸಾಲು ಮುಗಿಸಿ ಮತ್ತೆ ತಿರುಗಿ ಬರುವವರೆಗೆ ಅವನಿಗೆ ಕಿವಿಯಿಲ್ಲ. ಇದು ‘ಥ್ರಾಟಲ್’. ಮೊದಲ ಕೂಗಿಗೆ ತಕ್ಷಣ ಓಗೊಟ್ಟು, ಮುಂದೆ ಇಂತಿಷ್ಟು ಹೊತ್ತು ಕಿವುಡಾಗುವುದು. ಮದುಮಗನ ತಂದೆ ಆಗಾಗ ಸಾಲಿನ ಗುಂಟ ಬಂದು, ಆ ಗಳಿಗೆಯಲ್ಲಿ ಎಲೆಯ ಮೇಲೆ ಏನಿದೆಯೋ ಅದನ್ನಷ್ಟೇ ನೋಡಿ, ‘ಸಾವಕಾಶವಾಗಿ ಆಗಲಿ’ ಎಂದು ಮುಂದೆ ಹೋಗುತ್ತಾರಲ್ಲ, ಅದು ‘ಸ್ಯಾಂಪಲ್’. ನಡುವೆ ನೀವು ಎಷ್ಟು ಹೋಳಿಗೆ ಮುಗಿಸಿದಿರಿ ಎಂಬ ಇತಿಹಾಸ ಅವರಿಗೆ ಬೇಡ. ರೆಸಿಗ್ ಹೇಳಿದ ಮದ್ದು ಹೆಚ್ಚುಕಡಿಮೆ ಈ ಜಾತಿಯದೇ. ಬಂದವರನ್ನು ಒಬ್ಬೊಬ್ಬರಾಗಿ ಕೂರಿಸದೆ, ಸಾಲು ತುಂಬಿದ ಮೇಲೆ ಒಟ್ಟಿಗೆ ಎಲೆ ಹಾಕುವುದು ‘ಬಫರ್’. ಇದರಲ್ಲಿ ಯಾರನ್ನೂ ವಾಪಸು ಕಳಿಸುವುದಿಲ್ಲ, ಕಾಯಿಸುತ್ತಾರೆ ಅಷ್ಟೆ.

ಇನ್ನು ಅಡುಗೆಯವರು. ಎಲ್ಲರ ಊಟ ಆದ ಮೇಲೆ ಅವರ ಊಟ. ಆದರೆ ‘ಎಲ್ಲರ’ ಎಂದರೆ ಎಷ್ಟು ಜನ, ಯಾರು ಬಲ್ಲರು? ಕಾಲು ಗಂಟೆ ಯಾರೂ ಬಾಗಿಲಲ್ಲಿ ಕಾಣದಿದ್ದರೆ ಕೂರೋಣ ಎಂದು ಅವರವರೇ ನಿಶ್ಚಯಿಸಿಕೊಂಡಿರುತ್ತಾರೆ. ಹದಿನಾಲ್ಕನೆಯ ನಿಮಿಷಕ್ಕೆ ಹೆಣ್ಣಿನ ಸೋದರಮಾವನ ಷಡ್ಡಕ ಬರುತ್ತಾರೆ. ಬಡಿಸಬೇಕು, ಕಾಲು ಗಂಟೆಯ ಲೆಕ್ಕ ಮತ್ತೆ ಸೊನ್ನೆಯಿಂದ. ಅವರು ಮಜ್ಜಿಗೆಗೆ ಬರುವ ಹೊತ್ತಿಗೆ ಫೋಟೊ ತೆಗೆಯುವವರು ಬರುತ್ತಾರೆ. ಮತ್ತೆ ಸೊನ್ನೆ. ಇದೇ ‘ಡಿಬೌನ್ಸ್’: ಗದ್ದಲವೆಲ್ಲ ನಿಂತು, ಗೊತ್ತುಮಾಡಿದಷ್ಟು ಹೊತ್ತು ಸದ್ದಿಲ್ಲ ಎಂದಾದ ಮೇಲೆ ಒಂದೇ ಒಂದು ಸಲ ಕೆಲಸ ಮಾಡುವುದು. ಇದರ ಅಪಾಯವೂ ಅಲ್ಲೇ ಕಾಣುತ್ತದೆ. ಹದಿನಾಲ್ಕು ನಿಮಿಷಕ್ಕೊಬ್ಬರಂತೆ ಬರುತ್ತಲೇ ಇದ್ದರೆ ಅಡುಗೆಯವರು ಹಸಿದೇ ಇರಬೇಕು. ಅದಕ್ಕೇ ಲೋಡ್ಯಾಶ್ ಎಂಬ ಲೈಬ್ರರಿಯ ಡಿಬೌನ್ಸಿಗೆ ‘ಮ್ಯಾಕ್ಸ್‌ವೇಟ್’ ಎಂಬ ಇನ್ನೊಂದು ಗಡುವನ್ನೂ ಕೊಡಬಹುದು. ಏನೇ ಆಗಲಿ, ಇಷ್ಟು ಹೊತ್ತು ಮೀರಿದರೆ ಕೂತೇ ತೀರುವುದು. ಬರೆದವರಿಗೆ ಅಡುಗೆಯವರ ಕಷ್ಟ ಗೊತ್ತಿದ್ದಿರಬೇಕು.

ಡಿಬೌನ್ಸಿನ ಹುಟ್ಟು ಸಾಫ್ಟ್‌ವೇರಿನಲ್ಲಿ ಅಲ್ಲ, ಸ್ವಿಚ್ಚಿನಲ್ಲಿ. ಲೋಹಕ್ಕೆ ಲೋಹ ತಾಗಿದಾಗ ಅದು ತೆಪ್ಪಗೆ ಕೂರುವುದಿಲ್ಲ. ಕೆಲವು ಮಿಲಿಸೆಕೆಂಡು ತಾಗಿ, ಬಿಟ್ಟು, ಮತ್ತೆ ತಾಗಿ ಪುಟಿಯುತ್ತದೆ. ನಿಮ್ಮ ಕಣ್ಣಿಗೆ ಒಂದು ಒತ್ತು, ಮೈಕ್ರೋಪ್ರೊಸೆಸರಿಗೆ ಹತ್ತಾರು. ಆದ್ದರಿಂದ ಕೀಲಿಮಣೆಯೊಳಗಿನ ಚಿಪ್ಪು ಪುಟಿತ ನಿಲ್ಲುವವರೆಗೆ ತಾಳಿ, ಆಮೇಲೆ ‘ಒತ್ತಿದ್ದು ಒಂದೇ’ ಎಂದು ತೀರ್ಪು ಕೊಡುತ್ತದೆ. ಹಳೆಯ ಮೌಸಿನಲ್ಲಿ ಒಮ್ಮೆ ಒತ್ತಿದರೆ ಎರಡು ಸಲ ಒತ್ತಿದಂತಾಗಿ ಕಡತ ತಾನೇ ತೆರೆದುಕೊಳ್ಳುತ್ತದಲ್ಲ, ಅದು ದೆವ್ವವಲ್ಲ. ಸವೆದ ಸ್ವಿಚ್ಚು ಆ ತಾಳ್ಮೆಯ ಅವಧಿಯನ್ನೂ ಮೀರಿ ಪುಟಿಯುತ್ತಿದೆ.

ಆರ್‌ಎಕ್ಸ್ ಕಲಿಯಲು ಕೂತವರಿಗೆ ಮೊದಲ ಪಾಠವಾಗಿ ಬರುವುದು ಹುಡುಕುವ ಪೆಟ್ಟಿಗೆ. ಅಕ್ಷರ ಒತ್ತುತ್ತ ಹೋದ ಹಾಗೆ ಕೆಳಗೆ ಸಲಹೆಗಳು ಇಳಿಯಬೇಕು. ಒತ್ತಿದ ಪ್ರತಿ ಕೀಲಿಗೂ ಸರ್ವರಿಗೆ ಓಡಿದರೆ ಸರ್ವರಿಗೂ ಸುಸ್ತು, ನಮ್ಮ ಡೇಟಾ ಪ್ಯಾಕಿಗೂ ಸುಸ್ತು. ಹಾಗಾಗಿ ಡಿಬೌನ್ಸ್ ಹಾಕಿ, ಬೆರಳು ಸುಮಾರು 300 ಮಿಲಿಸೆಕೆಂಡು ಸುಮ್ಮನಾದರೆ ಮಾತ್ರ ಕೇಳು ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪಟಪಟ ಒತ್ತುವವರಿಗೆ ಈ ಅಂಕಿ ಹೊಂದಿತು. ಕನ್ನಡಕ್ಕೆ ಬಂದರೆ ಅದರ ಬಣ್ಣ ಬಯಲು. ‘ಕೃಷ್ಣ’ ಎಂದರೆ ಕಣ್ಣಿಗೆ ಎರಡಕ್ಷರ. ಯುನಿಕೋಡಿನಲ್ಲಿ ಐದು ಸಂಕೇತ. ‘ಸ್ತ್ರೀ’ ಒಂದೇ ಅಕ್ಷರ, ಒಳಗೆ ಆರು. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ಅದಕ್ಕೆ ಆರು ಕೀಲಿ ಒತ್ತಬೇಕು. ಎರಡೆರಡು ಸಲ ಒತ್ತಕ್ಷರದ ಕೊಂಡಿಯನ್ನು ಹುಡುಕಬೇಕು, ಕೊನೆಯ ದೀರ್ಘಕ್ಕೆ ಶಿಫ್ಟ್ ಹಿಡಿಯಬೇಕು. ಅಭ್ಯಾಸವಿಲ್ಲದ ಬೆರಳು ಕೊಂಡಿಯ ಕೀಲಿಯನ್ನು ಅರಸುವಷ್ಟರಲ್ಲಿ 300 ಮಿಲಿಸೆಕೆಂಡು ಎಲ್ಲಿ ಉಳಿಯಿತು? ‘ಸ್’ ಎಂದು ಬಾಯಿ ತೆರೆಯುವುದರೊಳಗೆ ಪ್ರೋಗ್ರಾಂ ‘ಇವರಿಗೆ ಬೇಕಾದದ್ದು ಸ್ ಎಂಬ ವಸ್ತು’ ಎಂದು ಸರ್ವರಿನ ಬಾಗಿಲು ತಟ್ಟಿರುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಒತ್ತಿ ಕನ್ನಡ ಪಡೆಯುವ ಲಿಪ್ಯಂತರದ ಸಾಧನಗಳಲ್ಲಿ, ಪದ ಇನ್ನೂ ಕಟ್ಟುತ್ತಿದೆ ಎಂದೂ ಈಗ ಕಟ್ಟಿ ಮುಗಿಯಿತು ಎಂದೂ ಬ್ರೌಸರಿಗೆ ಸೂಚನೆ ಸಿಗುತ್ತದೆ. ಆ ಸೂಚನೆಗೆ ಬೆಲೆ ಕೊಡುವ ಪ್ರೋಗ್ರಾಮರು ಗಡಿಯಾರವನ್ನಷ್ಟೇ ನೆಚ್ಚಿ ಕೂರಬೇಕಾಗಿಲ್ಲ. ಬೆಲೆ ಕೊಡದವರ ಆ್ಯಪಿನಲ್ಲಿ ಕನ್ನಡಿಗರು ಅರ್ಧ ಅಕ್ಷರಕ್ಕೆ ಪೂರ್ತಿ ಉತ್ತರ ಪಡೆಯುತ್ತಾರೆ.

ಇಷ್ಟರಿಂದಲೂ ಪಾಠ ಮುಗಿಯುವುದಿಲ್ಲ. ‘ಕೃ’ ಎಂದು ಕೇಳಿದ ಪ್ರಶ್ನೆ ಮೊದಲು ಹೊರಟು, ‘ಕೃಷ್ಣ’ ಎಂದು ಕೇಳಿದ್ದು ಆಮೇಲೆ ಹೊರಟಿತು ಎನ್ನಿ. ದಾರಿಯಲ್ಲಿ ಏನಾಯಿತೋ, ಆಮೇಲಿನದರ ಉತ್ತರ ಮೊದಲು ಬಂತು, ಮೊದಲಿನದು ತಡವಾಗಿ ಬಂದು ಅದರ ಮೇಲೆ ಕೂತುಬಿಟ್ಟಿತು. ಪೆಟ್ಟಿಗೆಯಲ್ಲಿ ‘ಕೃಷ್ಣ’, ಕೆಳಗೆ ಕೃಷಿ ಇಲಾಖೆಯ ಸಲಹೆ. ಡಿಬೌನ್ಸ್ ಎಷ್ಟು ಹಾಕಿದರೂ ಈ ರೋಗ ವಾಸಿಯಾಗದು, ಏಕೆಂದರೆ ಇದು ವೇಗದ ರೋಗವಲ್ಲ, ಸರದಿಯ ರೋಗ. ಇದಕ್ಕೆ ‘ಸ್ವಿಚ್‌ಮ್ಯಾಪ್’ ಎಂಬ ಬೇರೆಯೇ ಔಷಧ: ಹೊಸ ಪ್ರಶ್ನೆ ಹೊರಟ ಕೂಡಲೇ ಹಳೆಯದರ ಉತ್ತರದ ಆಸೆ ಬಿಡು ಎನ್ನುವುದು. ಸಾಮಾನ್ಯವಾಗಿ ಇವೆರಡನ್ನೂ ಜೋಡಿಯಾಗಿ ಹಾಕುತ್ತಾರೆ. ಒಂದನ್ನು ಹಾಕಿ ಇನ್ನೊಂದನ್ನು ಮರೆತವರು ‘ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇತ್ತು’ ಎನ್ನುತ್ತಾರೆ.

ಬೆರಳಿನ ವಾಚಾಳಿತನಕ್ಕೆ ಕಡಿವಾಣ ಹಾಕುವ ಯೋಚನೆ ಆರ್‌ಎಕ್ಸಿಗಿಂತ ನಾಲ್ಕು ದಶಕ ಹಿಂದಿನದು. 1968ರ ಸುಮಾರಿಗೆ ಅಮೆರಿಕದ ಟೈಮ್‌ನೆಟ್ ಎಂಬ ಜಾಲದಲ್ಲಿ, ದೂರದ ಕಂಪ್ಯೂಟರಿಗೆ ಒಂದೊಂದೇ ಅಕ್ಷರವನ್ನು ಕಳಿಸುವ ಬದಲು 200ರಿಂದ 500 ಮಿಲಿಸೆಕೆಂಡು ತಡೆದು, ಅಷ್ಟರಲ್ಲಿ ಕೂಡಿದ್ದನ್ನು ಒಟ್ಟಿಗೆ ಕಳಿಸುತ್ತಿದ್ದರು. 1984ರಲ್ಲಿ ಫೋರ್ಡ್ ಏರೋಸ್ಪೇಸ್‌ನಲ್ಲಿದ್ದ ಜಾನ್ ನೇಗಲ್ ಈ ಕಥೆಯನ್ನು ನೆನೆದು ತಮ್ಮ ಕಾಲದ ಸಂಕಟವನ್ನು ವಿವರಿಸಿದರು. ಇಂಟರ್‌ನೆಟ್ಟಿನ ಟಿಸಿಪಿ ಎಂಬ ಸಾಗಣೆ ನಿಯಮದಲ್ಲಿ ಒಂದು ಬೈಟಿನ ಅಕ್ಷರಕ್ಕೆ 40 ಬೈಟಿನ ವಿಳಾಸ-ಒಕ್ಕಣೆ. ಒಟ್ಟು 41. ನೇಗಲ್ ಗಡಿಯಾರವನ್ನು ಕಿತ್ತೊಗೆದರು. ಎಷ್ಟು ಹೊತ್ತು ತಡೆಯಬೇಕೆಂದು ಯಾರು ಹೇಳಬಲ್ಲರು? ಪಕ್ಕದ ಕೋಣೆಯ ಯಂತ್ರಕ್ಕೆ ಅರ್ಧ ಸೆಕೆಂಡು ಹೆಚ್ಚಾಯಿತು, ಖಂಡದಾಚೆಯದಕ್ಕೆ ಕಡಿಮೆಯಾಯಿತು. ಅವರ ನಿಯಮ ಇಷ್ಟು: ಕಳಿಸಿದ್ದು ತಲುಪಿತು ಎಂಬ ರಸೀದಿ ಬರುವವರೆಗೆ ಹೊಸ ಚಿಲ್ಲರೆಯನ್ನು ಕೂಡಿಡು, ರಸೀದಿ ಬಂತೋ, ಕೂಡಿದ್ದೆಲ್ಲವನ್ನೂ ಒಮ್ಮೆಗೇ ಕಳಿಸು. ಹತ್ತಿರದವರ ರಸೀದಿ ಬೇಗ ಬರುತ್ತದೆ, ತಡೆಯೂ ಕಡಿಮೆ. ದೂರದವರದು ನಿಧಾನ, ತಡೆಯೂ ಹೆಚ್ಚು. ಯಾರೂ ಮಿಲಿಸೆಕೆಂಡು ಎಣಿಸಬೇಕಾಗಿಲ್ಲ.

ಎದುರಿನವರ ಮುಖ ನೋಡದೆ ಕಳಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ಎರಡೇ ವರ್ಷದಲ್ಲಿ ಸಾಕ್ಷಿ ಸಿಕ್ಕಿತು. 1986ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಕುಸಿಯಿತು. ನಲವತ್ತು ಬಿಟ್ ಎಂದರೆ ಸೆಕೆಂಡಿಗೆ ಐದು ಇಂಗ್ಲಿಷ್ ಅಕ್ಷರ. ಎರಡೂ ಜಾಗಗಳ ನಡುವಿನ ದೂರ 400 ಗಜ. ಕಾಗದದಲ್ಲಿ ಬರೆದು ಜವಾನನ ಕೈಲಿ ಕಳಿಸಿದ್ದರೆ ಅವನು ದಾರಿಯಲ್ಲಿ ಬೀಡಿ ಸೇದಿಕೊಂಡು ಹೋಗಿಯೂ ಮೊದಲು ಮುಟ್ಟಿಸುತ್ತಿದ್ದ. ಆದದ್ದಿಷ್ಟು: ದಾರಿ ತುಂಬಿ ಕೆಲವು ಪೊಟ್ಟಣಗಳು ತಡವಾದವು, ಕೆಲವು ಬಿದ್ದುಹೋದವು; ಕಳಿಸಿದ ಯಂತ್ರಗಳು ‘ಸಿಕ್ಕಿಲ್ಲವೇನೋ’ ಎಂದು ಮತ್ತೆ ಕಳಿಸಿದವು; ದಾರಿ ಇನ್ನಷ್ಟು ತುಂಬಿತು. ಅದನ್ನು ಕಂಡು ಬೆನ್ನು ಹತ್ತಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಉಪಾಯಗಳಲ್ಲೊಂದು, ಸ್ವಲ್ಪದರಿಂದ ಶುರುಮಾಡಿ ರಸೀದಿ ಬಂದ ಹಾಗೆಲ್ಲ ಕಳಿಸುವುದನ್ನು ಹೆಚ್ಚಿಸುತ್ತ ಹೋಗುವುದು. ಇವತ್ತು ನಿಮ್ಮ ಫೋನಿನಲ್ಲಿ ಸಿನಿಮಾ ಓಡುತ್ತಿದ್ದರೆ ಅದರ ಹಿಂದೆ ಈ ಸಂಕೋಚದ ಋಣವಿದೆ.

ಊಟದ ಮನೆಗೆ ವಾಪಸು ಬರೋಣ, ಎಲೆ ಕಾಯುತ್ತಿದೆ. ಥ್ರಾಟಲ್, ಡಿಬೌನ್ಸ್, ಸ್ಯಾಂಪಲ್, ಇವೆಲ್ಲ ಬಡಿಸುವವರ ಗಡಿಯಾರದ ಮಾತಾಯಿತು. ಉಣ್ಣುವವನ ಕೈಯಲ್ಲೂ ಒಂದು ಅಸ್ತ್ರವಿದೆ: ಎಲೆಗೆ ಅಡ್ಡ ಹಿಡಿಯುವ ಕೈ. ‘ಎರಡೇ ಹೋಳಿಗೆ’ ಎಂದು ಬೆರಳು ತೋರಿಸಿದರೆ ಮೂರನೆಯದು ಬೀಳಕೂಡದು. ರಿಯಾಕ್ಟಿವ್ ಲೋಕದಲ್ಲಿ ಇದಕ್ಕೆ ‘ಬ್ಯಾಕ್‌ಪ್ರೆಶರ್’ ಎನ್ನುತ್ತಾರೆ. 2013ರ ಕೊನೆಯಲ್ಲಿ ನೆಟ್‌ಫ್ಲಿಕ್ಸ್, ಪಿವೊಟಲ್, ಟೈಪ್‌ಸೇಫ್ ಕಂಪನಿಗಳ ಎಂಜಿನಿಯರುಗಳು ಕೂತು ಇದಕ್ಕೊಂದು ಒಪ್ಪಂದ ಬರೆಯತೊಡಗಿದರು. ‘ರಿಯಾಕ್ಟಿವ್ ಸ್ಟ್ರೀಮ್ಸ್’ ಎಂಬ ಆ ಒಪ್ಪಂದದ ಮೊದಲ ಪೂರ್ಣ ರೂಪ 2015ರ ಏಪ್ರಿಲಿನಲ್ಲಿ ಬಂತು. 2017ರ ಜಾವಾ 9 ಅದನ್ನು ತನ್ನೊಳಗೇ ಸೇರಿಸಿಕೊಂಡಿತು. ಅದರ ತಿರುಳು ಒಂದೇ ಸಾಲು: ಉಣ್ಣುವವನು ಎಷ್ಟು ಕೇಳಿದನೋ ಬಡಿಸುವವನು ಅದಕ್ಕಿಂತ ಒಂದೂ ಹೆಚ್ಚು ಹಾಕಬಾರದು. ನೇಗಲ್ ಮಹಾಶಯರ ರಸೀದಿಯೇ ದೊಡ್ಡವನಾಗಿ ಪಂಚೆ ಉಟ್ಟು ಬಂದಂತೆ.

ಆದರೆ ಬಡಿಸುವವನು ಮಾತು ಕೇಳುವವನಾಗಿದ್ದರೆ ತಾನೇ? ಕಡತದಿಂದ ಓದುವ ಪ್ರೋಗ್ರಾಮಿಗೆ ‘ತಾಳು’ ಎನ್ನಬಹುದು, ತಾಳುತ್ತದೆ. ಬಳಸುವವರ ಬೆರಳಿಗೆ ‘ತಾಳಿ ಸ್ವಾಮಿ, ಇನ್ನೂ ಹಿಂದಿನದನ್ನೇ ಅರಗಿಸಿಕೊಳ್ಳುತ್ತಿದ್ದೇನೆ’ ಎಂದರೆ ಅದು ಇನ್ನೆರಡು ಸಲ ಒತ್ತುತ್ತದೆ. ಇದನ್ನು ಅರಿತೇ 2016ರ ಆರ್‌ಎಕ್ಸ್‌ಜಾವಾ ಎರಡನೆಯ ಆವೃತ್ತಿಯಲ್ಲಿ ಎರಡು ಪಂಗಡ ಮಾಡಿದರು. ಕೈ ಅಡ್ಡ ಹಿಡಿದರೆ ನಿಲ್ಲುವ ಸಾಲಿಗೆ ‘ಫ್ಲೋಯಬಲ್’, ನಿಲ್ಲದ್ದಕ್ಕೆ ‘ಅಬ್ಸರ್ವಬಲ್’. ಮೌಸು, ಬೆರಳುಗಳಂಥವಕ್ಕೆ ಎರಡನೆಯದೇ ಸಾಕೆಂದು ಅವರ ಸಲಹೆ. ಇಂಥವರ ಮುಂದೆ ಬಫರ್ ಹಿಡಿದು ಎಲ್ಲವನ್ನೂ ಕೂಡಿಡುತ್ತ ಹೋದರೆ ಪಾತ್ರೆ ತುಂಬಿ ಹರಿಯುತ್ತದೆ. ಹಾಗಾಗಿ ಒಂದಷ್ಟನ್ನು ಚೆಲ್ಲಲೇಬೇಕು.

ಚೆಲ್ಲುವ ಮಾತು ಬಂದಲ್ಲಿಗೆ ನನ್ನ ಹರಟೆ ತನ್ನ ಮುಖ್ಯ ಎಲೆಗೆ ಬಂದು ಕೂತಿತು. ಎಲ್ಲರೂ ಎಷ್ಟು ಮಿಲಿಸೆಕೆಂಡು ಹಾಕಬೇಕೆಂದು ಜಗಳವಾಡುತ್ತಾರೆ. 200 ಎನ್ನುವವರೊಬ್ಬರು, 300 ಎನ್ನುವವರೊಬ್ಬರು. ಯಾವುದನ್ನು ಚೆಲ್ಲಿದರೆ ನಷ್ಟವಿಲ್ಲ ಎಂದು ಕೇಳುವವರು ಕಡಿಮೆ. ಕೆಲವು ಇವೆಂಟುಗಳು ಸ್ಥಿತಿಯನ್ನು ಹೇಳುತ್ತವೆ: ಮೌಸು ಇಲ್ಲಿದೆ, ಬಸ್ಸು ಈಗ ಈ ತಿರುವಿನಲ್ಲಿದೆ, ಷೇರಿನ ಬೆಲೆ ಇಷ್ಟು. ಹೊಸ ಸುದ್ದಿ ಬಂದರೆ ಹಳೆಯದು ರದ್ದಿ. ಇಂಥವನ್ನು ಧಾರಾಳವಾಗಿ ಚೆಲ್ಲಿ, ಕಟ್ಟಕಡೆಯದನ್ನು ಮಾತ್ರ ಬಿಡಬೇಡಿ. ಆರ್‌ಎಕ್ಸ್‌ಜೆಎಸ್‌ನ ಥ್ರಾಟಲ್ ನೀವು ಬೇರೆ ಹೇಳದಿದ್ದರೆ ಮೊದಲನೆಯದನ್ನು ಹಿಡಿದು ಕೊನೆಯದನ್ನು ಕೈಬಿಡುತ್ತದೆ. ಲೋಡ್ಯಾಶಿನ ಥ್ರಾಟಲ್ ಎರಡನ್ನೂ ಹಿಡಿಯುತ್ತದೆ. ಹೆಸರು ಒಂದೇ ಎಂದು ನಂಬಿದವರ ಆ್ಯಪಿನಲ್ಲಿ, ಎಳೆದು ತಂದ ಚಿತ್ರ ಬೆರಳು ಬಿಟ್ಟ ಜಾಗಕ್ಕಿಂತ ಒಂದು ಅಂಗುಲ ಹಿಂದೆಯೇ ನಿಂತು ಹಲ್ಲು ಕಿರಿಯುತ್ತದೆ.

ಇನ್ನು ಕೆಲವು ಇವೆಂಟುಗಳು ಕೃತ್ಯಗಳು: ಹಣ ಕೊಟ್ಟದ್ದು, ಮತ ಒತ್ತಿದ್ದು, ಟಿಕೆಟ್ ರದ್ದು ಮಾಡಿದ್ದು. ಇವುಗಳಲ್ಲಿ ಯಾವುದೂ ಇನ್ನೊಂದರ ಬದಲಿಯಲ್ಲ. ಹಣ ಪಾವತಿಯ ಗುಂಡಿಯನ್ನು ಗಾಬರಿಯಿಂದ ಎರಡು ಸಲ ಒತ್ತಿದವರಿಗೆ, ಮೊದಲ ಪಾವತಿ ಮುಗಿಯುವವರೆಗೆ ಬೇರೆ ಒತ್ತನ್ನೆಲ್ಲ ಗಮನಿಸದಿರುವ ‘ಎಗ್ಸಾಸ್ಟ್‌ಮ್ಯಾಪ್’ ಎಂಬ ಪರಿಹಾರವಿದೆ. ಆದರೂ ಅದನ್ನೇ ನಂಬಿ ಬ್ಯಾಂಕು ನಡೆಸಲಾಗದು. ನೆಟ್‌ವರ್ಕ್ ಕೈಕೊಟ್ಟು, ಫೋನು ತಾನಾಗಿಯೇ ಮತ್ತೊಮ್ಮೆ ಕಳಿಸಿದರೆ? ಆ ಪಾವತಿಗೆ ಮೊದಲೇ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಎರಡನೆಯ ಸಲ ಬಂದರೆ ಸರ್ವರು ‘ಆಗಿದೆ’ ಎಂದು ಮೊದಲಿನ ಉತ್ತರವನ್ನೇ ಕೊಡಬೇಕು. ಗಡಿಯಾರದಿಂದ ಆಗದ್ದು ಇಲ್ಲಿ ಲೆಕ್ಕದ ಪುಸ್ತಕದಿಂದ ಆಗುತ್ತದೆ.

ತೊಡಕಿರುವುದು ಎಲ್ಲಿ ಎಂದರೆ, ಒಂದೇ ಇವೆಂಟು ಒಬ್ಬರಿಗೆ ಕೃತ್ಯ, ಇನ್ನೊಬ್ಬರಿಗೆ ಸ್ಥಿತಿ. ನಾನೀಗ ಒಂದು ಕೀಲಿ ಒತ್ತಿದೆ. ಬರಹದ ಪ್ರೋಗ್ರಾಮಿಗೆ ಅದು ಕೃತ್ಯ. ಒಂದನ್ನು ನುಂಗಿದರೂ ‘ಕಮಲ’ ಹೋಗಿ ‘ಮಲ’ ಆಗುತ್ತದೆ. ತಾನಾಗಿ ಉಳಿಸಿಡುವ ಆಟೋಸೇವಿಗೆ ಅದೇ ಒತ್ತು ಬರೀ ಸ್ಥಿತಿ. ಅದು ಕೊನೆಗೆ ನಿಂತ ಬರಹವನ್ನು ಒಮ್ಮೆ ಉಳಿಸಿದರೆ ಸಾಕು. ಕಾಗುಣಿತ ತಿದ್ದುವವನಿಗೆ ಪದ ಮುಗಿದ ಮೇಲಿನದು ಮಾತ್ರ ಬೇಕು. ಮೂವರಿಗೂ ಒಂದೇ ತಡೆ ಹಾಕಿದರೆ ಒಬ್ಬರಿಗಾದರೂ ಅನ್ಯಾಯ. ಅದಕ್ಕೇ ಬಲ್ಲವರು ಮೂಲದಲ್ಲಿ ಕಟ್ಟೆ ಕಟ್ಟದೆ, ಸಾಲು ಕವಲೊಡೆದು ಒಬ್ಬೊಬ್ಬರ ಬಾಗಿಲಿಗೆ ಹೋಗುವಲ್ಲಿ ಅವರವರಿಗೆ ತಕ್ಕ ತಡೆ ಹಾಕುತ್ತಾರೆ.

ನಮ್ಮ ಊರಿನ ಸಾಫ್ಟ್‌ವೇರ್ ಸಂದರ್ಶನಗಳಲ್ಲಿ ‘ಡಿಬೌನ್ಸ್ ಬರೆದು ತೋರಿಸಿ’ ಎನ್ನುವುದು ಹಳೆಯ ಪ್ರಶ್ನೆ. ಟೈಮರ್ ಇಡು, ಹೊಸದು ಬಂದರೆ ಹಳೆಯ ಟೈಮರ್ ಅಳಿಸು. ಹತ್ತು ಸಾಲಿಗಿಂತ ಹೆಚ್ಚಿಲ್ಲ. ಬಾಯಿಪಾಠ ಮಾಡಿ ಬಂದ ಹುಡುಗರು ಬೋರ್ಡಿಗೆ ತಿರುಗಿ ಕಣ್ಣು ಮುಚ್ಚಿಕೊಂಡೇ ಬರೆಯುತ್ತಾರೆ. ಒಂದು ಸಲ ಪೇಟೆಗೆ ಹೊಸಬಳಂತೆ ಕಂಡ ಹುಡುಗಿಯೊಬ್ಬಳು ಮಾರ್ಕರ್ ಪೆನ್ನನ್ನು ಮುಟ್ಟಲೇ ಇಲ್ಲ. ‘ಬರೀತೀನಿ ಸರ್. ಆದರೆ ನಾನು ಬಿಸಾಕೋ ಇವೆಂಟಿಗೆ ಆಚೆ ಕಡೆ ಯಾರಾದರೂ ಕಾಯ್ತಾ ಇದಾರಾ, ಅದನ್ನ ಮೊದಲು ಹೇಳಿಬಿಡಿ’ ಎಂದಳು. ಪಕ್ಕದಲ್ಲಿದ್ದ ನನ್ನ ಸಹೋದ್ಯೋಗಿ ಮುಂದಿನ ನಾಲ್ಕು ಪ್ರಶ್ನೆಗಳ ಪಟ್ಟಿಯನ್ನು ಮಡಿಸಿಟ್ಟು, ಕೆಲಸಕ್ಕೆ ಯಾವತ್ತಿಂದ ಬರುತ್ತೀರಿ ಎಂದು ಕೇಳಿದರು.